ಹಾಸಿಗೆ ಇದ್ದಷ್ಟು ಕಾಲು ಚಾಚು: ‘ಡೇಯಸ್ ಎಕ್ಸ್’ ಮತ್ತು ಅದರ ಎರಡನೆಯ ಭಾಗ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಹೆಚ್ಚಾಗಿ ಕೇಳಿಬರುವುದು ಹಣದ ಮಾತು ಬಂದಾಗ. ಮದುವೆಯ ಖರ್ಚು ಕೈಮೀರುವಾಗ, ಸಾಲ ಮಾಡಿ ಮನೆಗೆ ಮಹಡಿ ಏರಿಸಲು ಹೊರಟಾಗ ಹಿರಿಯರು ಇದನ್ನು ನೆನಪಿಸುತ್ತಾರೆ. ಇದು ಮಿತವ್ಯಯದ ಬುದ್ಧಿಮಾತು ಎಂಬ ಬಗ್ಗೆ ತಕರಾರಿಲ್ಲ. ಆದರೆ ಗಾದೆ ಹೇಳದೆ ಬಿಟ್ಟಿರುವ ಸಂಗತಿಯೂ ಅಷ್ಟೇ ಮುಖ್ಯ. ಹಾಸಿಗೆ ಚಿಕ್ಕದಾದರೆ ಕಾಲು ಮಡಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಕಾಲನ್ನೇ ಕತ್ತರಿಸಿಕೊಳ್ಳಬೇಕು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಮಡಿಸಿದ ಕಾಲನ್ನು ಅಗಲವಾದ ಹಾಸಿಗೆ ಸಿಕ್ಕ ದಿನ ಮತ್ತೆ ಚಾಚಬಹುದು. 2003ರಲ್ಲಿ ಬಂದ ‘ಡೇಯಸ್ ಎಕ್ಸ್: ಇನ್ವಿಸಿಬಲ್ ವಾರ್’ ಎಂಬ ವಿಡಿಯೊ ಗೇಮ್ ತನ್ನ ಮೊದಲ ಭಾಗವನ್ನು ಮೆಚ್ಚಿದವರಿಗೆ ತಂದ ನಿರಾಸೆಯನ್ನು ಅರ್ಥಮಾಡಿಕೊಳ್ಳಲು ಈ ವ್ಯತ್ಯಾಸ ಬೇಕಾಗುತ್ತದೆ.

ಮೊದಲ ‘ಡೇಯಸ್ ಎಕ್ಸ್’ ಬಂದದ್ದು 2000ದ ಜೂನ್‌ನಲ್ಲಿ, ವಿಂಡೋಸ್ ಕಂಪ್ಯೂಟರುಗಳಿಗಾಗಿ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿದ್ದ ಐಯಾನ್ ಸ್ಟಾರ್ಮ್ ಸ್ಟುಡಿಯೊದಲ್ಲಿ ವಾರೆನ್ ಸ್ಪೆಕ್ಟರ್ ನಿರ್ದೇಶನದಲ್ಲಿ ಅದು ರೂಪುಗೊಂಡಿತು. ಮುಖ್ಯ ವಿನ್ಯಾಸಕ ಹಾರ್ವಿ ಸ್ಮಿತ್. ಕಥೆ ನಡೆಯುವುದು 2052ರಲ್ಲಿ. ಲೋಕವನ್ನು ಒಂದು ಮಹಾಮಾರಿ ಆವರಿಸಿದೆ, ಲಸಿಕೆ ಉಳ್ಳವರ ಕೈಯಲ್ಲಿದೆ. ನಾಯಕ ಜೆ.ಸಿ. ಡೆಂಟನ್, ದೇಹದೊಳಗೆ ಸೂಕ್ಷ್ಮಯಂತ್ರಗಳನ್ನು ಅಳವಡಿಸಿಕೊಂಡ ಸರ್ಕಾರಿ ಏಜೆಂಟ್. ತಾನು ಯಾರಿಗಾಗಿ ಬಂದೂಕು ಹಿಡಿದಿದ್ದೇನೆ ಎಂಬ ಸಂಶಯ ಅವನಲ್ಲಿ ಹಂತಹಂತವಾಗಿ ಬೆಳೆಯುತ್ತದೆ.

ಕಥೆಗಿಂತ ಹೆಚ್ಚಾಗಿ ಆಟಗಾರರನ್ನು ಹಿಡಿದಿಟ್ಟದ್ದು ಅದರ ಸ್ಥಳ. ಮೊದಲ ಹಂತ ನ್ಯೂಯಾರ್ಕಿನ ಲಿಬರ್ಟಿ ದ್ವೀಪ. ಸ್ವಾತಂತ್ರ್ಯದೇವಿಯ ಪ್ರತಿಮೆಯ ತಲೆ ಸ್ಫೋಟದಲ್ಲಿ ಉರುಳಿದೆ, ಪೀಠವನ್ನು ಬಂಡುಕೋರರು ಹಿಡಿದಿದ್ದಾರೆ. ಜೆಟ್ಟಿಯಲ್ಲಿ ನಿಂತ ಅಣ್ಣ ಪಾಲ್ ಒಂದು ಆಯುಧ ಆರಿಸಿಕೊಳ್ಳಲು ಹೇಳುತ್ತಾನೆ: ರಾಕೆಟ್ ಲಾಂಚರ್, ದೂರದ ಗುರಿಯ ರೈಫಲ್, ಸದ್ದಿಲ್ಲದ ಕಿರುಬಿಲ್ಲು. ಆಮೇಲೆ ದ್ವೀಪವೆಲ್ಲ ಆಟಗಾರನದು. ಮುಂಬಾಗಿಲಿನಿಂದ ಗುಂಡು ಹಾರಿಸುತ್ತ ನುಗ್ಗಬಹುದು. ಹಿಂದಿನ ಪೆಟ್ಟಿಗೆಗಳ ರಾಶಿ ಹತ್ತಿ ಮೇಲೇರಬಹುದು. ದ್ವೀಪದ ಇನ್ನೊಂದು ತುದಿಯಲ್ಲಿರುವ ಬೇಹುಗಾರನನ್ನು ಹುಡುಕಿ ಕೀ ಪಡೆಯಬಹುದು. ಒಳಗೆ ಸೆರೆಸಿಕ್ಕಿರುವ ಸಹೋದ್ಯೋಗಿಯನ್ನು ಬಿಡಿಸಬಹುದು, ಬಿಡಬಹುದು. ಒಬ್ಬರನ್ನೂ ಕೊಲ್ಲದೆ ಪ್ರತಿಮೆಯ ತುದಿ ಮುಟ್ಟಿದರೆ ಡೆಂಟನ್‌ನ ಕಚೇರಿಯಲ್ಲಿ ಒಬ್ಬರು ಮೆಚ್ಚುತ್ತಾರೆ, ಇನ್ನೊಬ್ಬರು ಮುಖ ಸಿಂಡರಿಸುತ್ತಾರೆ. ಇಷ್ಟೂ ನಡೆಯುವುದು ಒಂದೇ ವಿಶಾಲ ಬಯಲಿನಲ್ಲಿ. ಯಾವ ದಾರಿ ಹಿಡಿಯಬೇಕೆಂದು ಯೋಚಿಸಲು ಮೊದಲು ಅಷ್ಟೂ ದಾರಿಗಳು ಕಣ್ಣಿಗೆ ಬೀಳಬೇಕು. ಈ ಗೇಮಿನಲ್ಲಿ ವಿಸ್ತಾರ ಎಂಬುದು ಅಲಂಕಾರವಾಗಿರಲಿಲ್ಲ.

ಆಯ್ಕೆಗಳಿಗೆ ತೂಕ ತಂದದ್ದು ನಿಯಮಗಳು. ಈಜು, ಬೀಗ ಬಿಚ್ಚುವುದು, ಕಂಪ್ಯೂಟರ್, ವೈದ್ಯ, ಪಿಸ್ತೂಲು, ರೈಫಲ್ ಮುಂತಾದ 11 ಸ್ಕಿಲ್‌ಗಳಿದ್ದವು. ಪ್ರತಿಯೊಂದಕ್ಕೂ ನಾಲ್ಕು ಮಟ್ಟಗಳು. ಗಳಿಸಿದ ಅಂಕಗಳನ್ನು ಒಂದರ ಮೇಲೆ ಸುರಿದರೆ ಇನ್ನೊಂದು ಹಿಂದೆ ಬೀಳುತ್ತಿತ್ತು. ದೇಹಕ್ಕೆ ಸೇರಿಸಿಕೊಳ್ಳುವ ಶಕ್ತಿಗಳಲ್ಲಿಯೂ ಎರಡರಲ್ಲಿ ಒಂದನ್ನು ಆರಿಸಿದರೆ ಮತ್ತೊಂದು ಕೈತಪ್ಪಿದಂತೆಯೇ. ಪಿಸ್ತೂಲಿನ ಗುಂಡು ರೈಫಲಿಗೆ ಆಗದು. ಕೈ, ಕಾಲು, ತಲೆ, ಎದೆಗೆ ಬೇರೆ ಬೇರೆ ಆರೋಗ್ಯದ ಲೆಕ್ಕವಿದ್ದು, ಎರಡೂ ಕಾಲು ಹೋದರೆ ನಾಯಕ ತೆವಳಬೇಕಿತ್ತು. ಹೀಗಾಗಿ ಇಬ್ಬರು ಆಡಿ ಮುಗಿಸಿದರೆ ಇಬ್ಬರ ಡೆಂಟನ್ ಒಬ್ಬನೇ ಆಗಿರುತ್ತಿರಲಿಲ್ಲ. ಈ ನಿಯಮಗಳು ಮತ್ತು ಆ ವಿಸ್ತಾರ, ಇವೇ ಗಾದೆಯ ಮಾತಿನಲ್ಲಿ ಈ ಗೇಮಿನ ಕಾಲುಗಳು.

ಇನ್ನು ಹಾಸಿಗೆಯ ವಿಚಾರ. ಎರಡನೆಯ ಭಾಗವನ್ನು ಹಾರ್ವಿ ಸ್ಮಿತ್ ನಿರ್ದೇಶನದಲ್ಲಿ ಅದೇ ಸ್ಟುಡಿಯೊ ತಯಾರಿಸಿತು. ಈ ಬಾರಿ ಅದು ಕಂಪ್ಯೂಟರ್ ಮತ್ತು ಮೈಕ್ರೋಸಾಫ್ಟಿನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ ಎರಡರಲ್ಲೂ ಒಟ್ಟಿಗೆ ಬರಬೇಕಿತ್ತು. ಎಕ್ಸ್‌ಬಾಕ್ಸಿನಲ್ಲಿದ್ದ ಮೆಮೊರಿ 64 ಮೆಗಾಬೈಟ್, ಚಿತ್ರ, ಸದ್ದು, ಆಟದ ತರ್ಕ ಎಲ್ಲಕ್ಕೂ ಸೇರಿ. ಹಾಸಿಗೆ ಚಿಕ್ಕದು ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಅದರ ಮೇಲೆ ತಂಡ ಮೊದಲು ಹರಡಿದ್ದು ಹೊಸ ಬೆಳಕು-ನೆರಳಿನ ತಂತ್ರವನ್ನು ಮತ್ತು ವಸ್ತುಗಳು ಭಾರಕ್ಕೆ ತಕ್ಕಂತೆ ಉರುಳಿ ಬೀಳುವ ಭೌತವ್ಯವಸ್ಥೆಯನ್ನು. ದೀಪ ಅಲುಗಿದರೆ ನೆರಳೂ ಅಲುಗುತ್ತಿತ್ತು. 2003ರ ಮಟ್ಟಿಗೆ ಅದು ಸೊಗಸಾದ ನೋಟವೇ. ಉಳಿದ ಜಾಗದಲ್ಲಿ ಹಿಡಿಸಿದ್ದು ಕೆಲವು ಓಣಿ, ಕೆಲವು ಕೋಣೆ. ಸಿಯಾಟಲ್, ಕೈರೊ ಎಂಬ ಮಹಾನಗರಗಳು ಒಂದೆರಡು ಬೀದಿಗಳಿಗೆ ಇಳಿದವು. ಒಂದು ಬಾಗಿಲು ದಾಟಿದರೆ ಲೋಡಿಂಗ್ ಪರದೆ, ಹಿಂದಿರುಗಿದರೆ ಮತ್ತೆ ಅದೇ ಪರದೆ. ಇಕ್ಕಟ್ಟೇ ಇಲ್ಲದ ಕಂಪ್ಯೂಟರಿನಲ್ಲಿ ಆಡಿದವರಿಗೂ ಸಿಕ್ಕಿದ್ದು ಎಕ್ಸ್‌ಬಾಕ್ಸಿಗೆ ಅಳೆದು ಹೊಲಿದ ಇದೇ ಹಾಸಿಗೆ.

ಇಷ್ಟರವರೆಗೆ ನಡೆದದ್ದು ಕಾಲು ಮಡಿಸುವ ಕೆಲಸ. ಬೇಸರವಾದರೂ ಕ್ಷಮಿಸಬಹುದಾದದ್ದು. ಇದಕ್ಕೊಂದು ಹಿಂದಿನ ಉದಾಹರಣೆಯೂ ಇದೆ. ಮೊದಲ ಗೇಮನ್ನು 2002ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಒಗ್ಗಿಸಿದಾಗ ಹಾಸಿಗೆ ಇನ್ನೂ ಕಿರಿದಾಗಿತ್ತು, 32 ಮೆಗಾಬೈಟ್. ಲಿಬರ್ಟಿ ದ್ವೀಪದಂಥ ದೊಡ್ಡ ಸ್ಥಳಗಳನ್ನು ಅಲ್ಲಿ ತುಂಡುಗಳಾಗಿ ಒಡೆಯಬೇಕಾಯಿತು. ಆದರೂ ಸ್ಕಿಲ್‌ಗಳು ಉಳಿದವು. ಕಾಲು ಮಡಚಿತೇ ಹೊರತು ತುಂಡಾಗಲಿಲ್ಲ.

ಎರಡನೆಯ ಭಾಗದಲ್ಲಿ ಕತ್ತರಿ ಬಿದ್ದದ್ದು ನಿಯಮಗಳಿಗೆ. ಸ್ಕಿಲ್‌ಗಳನ್ನು ಪೂರ್ತಿಯಾಗಿ ತೆಗೆದುಹಾಕಿ, ದೇಹಶಕ್ತಿಗಳನ್ನು ಮಾತ್ರ ಉಳಿಸಲಾಯಿತು. ಅವನ್ನೂ ಬೇಡವೆನಿಸಿದಾಗ ಅಳಿಸಿ ಇನ್ನೊಂದನ್ನು ಹಾಕಿಕೊಳ್ಳಬಹುದಿತ್ತು. ಅಂಗಾಂಗಗಳ ಪ್ರತ್ಯೇಕ ಆರೋಗ್ಯದ ಬದಲು ಒಂದೇ ಪಟ್ಟಿ ಬಂತು. ಎಲ್ಲ ಬಂದೂಕುಗಳಿಗೂ ಒಂದೇ ಬಗೆಯ ಮದ್ದುಗುಂಡು. ಈ ಕೊನೆಯದು ಆಟಗಾರನಿಗೆ ಸ್ವಾತಂತ್ರ್ಯ ಕೊಡುವಂತೆ ಕಂಡರೂ ಆದದ್ದು ತಿರುಗುಮುರುಗು. ಮೊದಲ ಗೇಮಿನಲ್ಲಿ ರೈಫಲಿನ ಗುಂಡು ಮುಗಿದರೆ ಪಿಸ್ತೂಲು ಇರುತ್ತಿತ್ತು. ಇಲ್ಲಿ ಗುಂಡು ಮುಗಿದರೆ ಚೀಲದಲ್ಲಿದ್ದ ಬಂದೂಕುಗಳೆಲ್ಲ ಒಟ್ಟಿಗೆ ಮೂಕವಾಗುತ್ತಿದ್ದವು. ರಾಕೆಟ್ ಹಾರಿಸಿದ್ದಕ್ಕೆ ಪಿಸ್ತೂಲು ದಂಡ ತೆರುತ್ತಿತ್ತು.

ಇಲ್ಲಿಯೇ ಗಾದೆಯ ಸಮರ್ಥನೆ ನಿಲ್ಲದೆ ಹೋಗುತ್ತದೆ. ಈಜುವುದರಲ್ಲಿ ನಾಯಕ ಯಾವ ಮಟ್ಟದಲ್ಲಿದ್ದಾನೆ, ಯಾವ ಬಂದೂಕಿಗೆ ಎಷ್ಟು ಗುಂಡು ಉಳಿದಿದೆ ಎಂಬ ಅಂಕಿಗಳು ಮೆಮೊರಿಯಲ್ಲಿ ಹಿಡಿಯುವ ಜಾಗ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಒಂದು ಗೋಡೆಯ ಚಿತ್ರಕ್ಕೆ ಬೇಕಾದದ್ದರಲ್ಲಿ ಇಂಥ ನೂರಾರು ಅಂಕಿಗಳು ಹಿಡಿಸುತ್ತವೆ. ಹಾಸಿಗೆ ಸಾಲದು ಎಂಬ ಕಾರಣ ಸ್ಥಳಗಳಿಗೆ ಹೊಂದುತ್ತದೆ, ನಿಯಮಗಳಿಗೆ ಹೊಂದುವುದಿಲ್ಲ. ಅವನ್ನು ತೆಗೆಸಿದ್ದು ಹೊಸ ಆಟಗಾರನಿಗೆ ಇವೆಲ್ಲ ತೊಡಕೆನಿಸಬಾರದು ಎಂಬ ಎಣಿಕೆ. ಸರಳಗೊಳಿಸುವ ಬಯಕೆ ತಪ್ಪಲ್ಲ. ಆದರೆ ಯಾವ ತೊಡಕನ್ನು ಬಿಡಿಸುವುದರಲ್ಲಿ ಆಟದ ಸುಖವಿತ್ತೋ ಅದನ್ನೇ ತೆಗೆದರೆ ಉಳಿಯುವುದು ಮತ್ತೊಂದು ಸಾಧಾರಣ ಬಂದೂಕಿನ ಗೇಮ್.

ಕಥೆಗೂ ಇದೇ ಗತಿ ಸ್ವಲ್ಪಮಟ್ಟಿಗೆ ಬಂತು. ಮೊದಲ ಗೇಮಿಗೆ ಮೂರು ಮುಕ್ತಾಯಗಳಿದ್ದವು: ಜಗತ್ತನ್ನು ಒಂದು ರಹಸ್ಯಕೂಟದ ಕೈಗೆ ಮರಳಿಸುವುದು, ಹೀಲಿಯೊಸ್ ಎಂಬ ಕೃತಕ ಬುದ್ಧಿಯೊಡನೆ ಒಂದಾಗುವುದು, ಸಂಪರ್ಕಜಾಲವನ್ನೇ ನಾಶಮಾಡಿ ಲೋಕವನ್ನು ಕತ್ತಲ ಯುಗಕ್ಕೆ ತಳ್ಳುವುದು. ಇಪ್ಪತ್ತು ವರ್ಷಗಳ ನಂತರದ ಎರಡನೆಯ ಕಥೆ ಈ ಮೂರೂ ನಡೆದವು ಎಂದು ಹೆಣೆಯಿತು. ಯಾರ ಆಯ್ಕೆಯನ್ನೂ ಸುಳ್ಳಾಗಿಸಬಾರದು ಎಂಬ ಸದುದ್ದೇಶವೇನೋ ಕಾಣುತ್ತದೆ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಲು ಆಟಗಾರ ಪಟ್ಟ ಸಂಕಟ ಅದರಿಂದ ಬೆಲೆ ಕಳೆದುಕೊಂಡಿತು. ಹೊಸ ಗೇಮಿನ ಪಂಗಡಗಳೂ ಹಾಗೆಯೇ. ಒಂದು ಬಣಕ್ಕೆ ದ್ರೋಹ ಬಗೆದು ಬಂದರೂ ಅದೇ ಬಣ ಮತ್ತೊಂದು ಕೆಲಸ ಹಿಡಿದು ಕರೆಯುತ್ತದೆ. ಈ ನಡುವೆ ನಿಜಕ್ಕೂ ಚೆನ್ನಾಗಿರುವುದು ಎರಡು ಕಾಫಿ ಕಂಪನಿಗಳ ಉಪಕಥೆ: ಬದ್ಧವೈರಿಗಳಂತೆ ಕಾದಾಡುವ ಎರಡಕ್ಕೂ ಒಡೆತನ ಒಂದೇ ಎಂದು ಹೊರಬೀಳುತ್ತದೆ, ದೊಡ್ಡ ಕಥೆಯ ಎರಡು ಎದುರಾಳಿ ಬಣಗಳ ಹಿಂದೆಯೂ ಒಂದೇ ಕೈ ಇರುವಂತೆ. ಅಂಥ ಬರವಣಿಗೆ ಇದ್ದುದರಿಂದಲೇ ಉಳಿದದ್ದು ಹೆಚ್ಚು ನೋಯಿಸುತ್ತದೆ.

ಕೊನೆಯ ಹಂತದಲ್ಲಿ ಆಟ ಲಿಬರ್ಟಿ ದ್ವೀಪಕ್ಕೇ ಮರಳುತ್ತದೆ. ಈಗ ಅದು ಹಿಮಗಟ್ಟಿದೆ, ಹಳೆಯ ಕಚೇರಿ ಪಾಳುಬಿದ್ದಿದೆ. ಮೊದಲ ದ್ವೀಪದ ಮೂಲೆಮೂಲೆ ಬಲ್ಲವರಿಗೆ ಅದು ಎಷ್ಟು ಕುಗ್ಗಿದೆ ಎಂದು ಕಾಣಲು ಅಳತೆಗೋಲು ಬೇಕಿಲ್ಲ. ನಿರಾಸೆಯನ್ನು ಹಳೆಯದರ ಮೇಲಿನ ಮಮಕಾರ ಎಂದು ತಳ್ಳಿಹಾಕಲು ಆಗದಿರುವುದು ಇದರಿಂದಲೇ. ಕಳೆದುಹೋದದ್ದು ಏನೇನು ಎಂದು ಬೆರಳು ಮಡಿಸಿ ಎಣಿಸಬಹುದು. ಮೊದಲ ಭಾಗವನ್ನು ನೋಡದೆ ಎಕ್ಸ್‌ಬಾಕ್ಸಿನಲ್ಲಿ ನೇರವಾಗಿ ಇದನ್ನೇ ಆಡಿದವರಲ್ಲಿ ಅನೇಕರು ತೃಪ್ತರಾದರು, ವಿಮರ್ಶಕರಲ್ಲಿಯೂ ಬಹುಪಾಲು ಜನ ಒಳ್ಳೆಯ ಮಾತು ಬರೆದರು. ಕಾಲು ಎಷ್ಟು ಉದ್ದವಿತ್ತೆಂದು ಅರಿಯದವರಿಗೆ ಕೊರತೆ ಕಾಣದಿರುವುದು ಸಹಜ.

ಹಾರ್ವಿ ಸ್ಮಿತ್ ಮುಂದೆ ಈ ಗೇಮಿನ ವಿನ್ಯಾಸದ ತಪ್ಪುಗಳನ್ನು ಸಾರ್ವಜನಿಕವಾಗಿಯೇ ಒಪ್ಪಿಕೊಂಡರು. ಆಸ್ಟಿನ್ ಸ್ಟುಡಿಯೊ 2005ರಲ್ಲಿ ಮುಚ್ಚಿತು. ಸರಣಿಯ ಮುಂದಿನ ಮುಖ್ಯ ಗೇಮ್ ‘ಹ್ಯೂಮನ್ ರೆವಲ್ಯೂಷನ್’ 2011ರಲ್ಲಿ ಕೆನಡಾದ ಐಡಾಸ್ ಮಾಂಟ್ರಿಯಲ್ ಸ್ಟುಡಿಯೊದಿಂದ ಬಂತು. ಅದೂ ಕಂಪ್ಯೂಟರಿನ ಜೊತೆಗೆ ಕನ್ಸೋಲ್‌ಗಳಿಗೂ ತಯಾರಾದದ್ದು, ಆದರೆ ಆ ಹೊತ್ತಿಗೆ ಕನ್ಸೋಲಿನ ಮೆಮೊರಿ 512 ಮೆಗಾಬೈಟಿಗೆ ಏರಿತ್ತು. ಡೆಟ್ರಾಯಿಟ್ ಮತ್ತು ಹೆಂಗ್ಶಾ ನಗರಗಳು ಮತ್ತೆ ಅಲೆದಾಡುವಷ್ಟು ಹರಡಿಕೊಂಡವು, ಬಂದೂಕಿಗೊಂದು ಬಗೆಯ ಗುಂಡು ಮರಳಿತು. ಒಂದು ಕಡೆ ಮಾತ್ರ ಹಳೆಯ ತಪ್ಪು ಮರುಕಳಿಸಿತು: ದೊಡ್ಡ ಎದುರಾಳಿಗಳನ್ನು ಗುಂಡಿಕ್ಕಿಯೇ ಸೋಲಿಸಬೇಕಿತ್ತು, ನುಸುಳಿ ಅಥವಾ ಹ್ಯಾಕ್ ಮಾಡಿ ಗೆಲ್ಲುವ ಆಟಗಾರನಿಗೆ ಅಲ್ಲಿ ದಾರಿಯಿರಲಿಲ್ಲ. 2013ರ ಪರಿಷ್ಕೃತ ಆವೃತ್ತಿಯಲ್ಲಿ ಆ ಕಾಳಗಗಳ ಅಂಗಣವನ್ನು ಹಿಗ್ಗಿಸಿ, ಬೇರೆ ಬಗೆಯಲ್ಲಿ ಆಡುವವರಿಗೂ ಗೆಲ್ಲುವ ದಾರಿಗಳನ್ನು ಸೇರಿಸಲಾಯಿತು.