ಶನಿವಾರ ಬರುವ ಒಳ್ಳೆಯವರು

ವಿಟ್ಬಿಗೆ ಹೋಗಿದ್ದು ಮಕ್ಕಳಿಗೆ ಕಡಲು ತೋರಿಸೋಕೆ. ಅಲ್ಲಿ ಇಡೀ ಮನೆಯನ್ನೇ ಹಿಡಿದಿದ್ದು ಮಾತ್ರ ಕುಕ್ಕರಿಗಾಗಿ.

ಕಂಪನಿ ನನ್ನನ್ನು ಇಂಗ್ಲೆಂಡಿನ ಲೀಡ್ಸ್‌ಗೆ ಕಳಿಸಿದ್ದ ವರ್ಷ ಅದು. ನಮ್ಮದೊಂದು ಸಂಸಾರ, ಟೀಮಿನ ಗೆಳೆಯನದೊಂದು ಸಂಸಾರ. ನಾಲ್ಕು ದೊಡ್ಡವರು, ಮೂರು ಮಕ್ಕಳು. ಹೋಟೆಲಿನಲ್ಲಿ ರೂಮು ಮಾಡಿ ಏಳು ದಿನ ಬ್ರೆಡ್ಡು ತಿನ್ನೋದು ಯಾರಿಗೂ ಬೇಕಿರಲಿಲ್ಲ. ಹಳೇ ಊರಿನ ಒಳಗೆ ಮೀನುಗಾರರ ಪುಟ್ಟ ಮನೆಗಳು ಬಾಡಿಗೆಗೆ ಸಿಗುತ್ತವೆ, ಫೋಟೋದಲ್ಲಿ ಬಲು ಚಂದ. ಆದರೆ ಏಣಿಯಂಥ ಮೆಟ್ಟಿಲು, ಹಣೆಗೆ ತಾಗುವ ತೊಲೆ, ಕಾರು ನಿಲ್ಲಿಸೋಕೆ ಜಾಗ ಇಲ್ಲ. ಹಾಗಾಗಿ ಊರಂಚಿನ ಹೊಸ ಬಡಾವಣೆಯಲ್ಲಿ ಮೂರು ಬೆಡ್‌ರೂಮಿನ ಮನೆ ಹಿಡಿದೆವು. ದೊಡ್ಡ ಅಡುಗೆಮನೆ, ವಾಷಿಂಗ್ ಮಷೀನು, ಮಕ್ಕಳು ಓಡಾಡೋಕೆ ಹಿತ್ತಿಲು. ಶನಿವಾರದಿಂದ ಶನಿವಾರಕ್ಕೆ 1,300 ಪೌಂಡು. ಬಾಗಿಲ ಪಕ್ಕ ಗೋಡೆಗೆ ಒಂದು ಸಣ್ಣ ಡಬ್ಬಿ, ನಂಬರು ಒತ್ತಿದರೆ ಒಳಗೆ ಕೀ. ಓನರ್ ಮುಖ ನಾವು ಕೊನೆವರೆಗೂ ನೋಡಲಿಲ್ಲ.

ಊರಂತೂ ಎಷ್ಟು ನೋಡಿದರೂ ಮುಗಿಯದ್ದು. ಎಸ್ಕ್ ನದಿ ಊರನ್ನು ಎರಡು ಮಾಡಿ ಕಡಲು ಸೇರುತ್ತದೆ. ಪೂರ್ವದ ಗುಡ್ಡದ ಮೇಲೆ ಪಾಳುಬಿದ್ದ ಅಬ್ಬೆ. ಅಲ್ಲಿ ಮೊದಲ ಕ್ರೈಸ್ತ ಮಠ ಶುರುವಾಗಿದ್ದು 657ರಲ್ಲಿ, ಅಂದರೆ ನಮ್ಮಲ್ಲಿ ಬಾದಾಮಿ ಚಾಲುಕ್ಯರ ಕಾಲ. ಹತ್ತೋಕೆ 199 ಮೆಟ್ಟಿಲು. ನಮ್ಮ ಮೂರು ಮಕ್ಕಳು ಎಣಿಸಿ ಮೂರು ಲೆಕ್ಕ ಕೊಟ್ಟವು. ಕೆಳಗೆ ಗ್ರೇಪ್ ಲೇನಿನಲ್ಲಿ ಒಂದು ಹಳೇ ಮನೆ ಇದೆ. 1746ರಲ್ಲಿ ಹಡಗಿನ ಕೆಲಸ ಕಲಿಯೋಕೆ ಬಂದ ಜೇಮ್ಸ್ ಕುಕ್ ಅನ್ನೋ ಹುಡುಗ ತನ್ನ ಯಜಮಾನನ ಆ ಮನೆಯ ಅಟ್ಟದಲ್ಲಿ ಇದ್ದನಂತೆ. ಮುಂದೆ ಕ್ಯಾಪ್ಟನ್ ಕುಕ್ ಆದವನು ಅವನೇ. 1890ರಲ್ಲಿ ಬ್ರಾಮ್ ಸ್ಟೋಕರ್ ರಜೆಗೆ ಬಂದು, ಇಲ್ಲಿ ಒಬ್ಬಾಕೆ ನಡೆಸುತ್ತಿದ್ದ ಬಾಡಿಗೆ ಕೋಣೆಯಲ್ಲಿ ಉಳಿದು, ಏಳು ವರ್ಷದ ಮೇಲೆ ಡ್ರಾಕುಲಾ ಪ್ರಕಟಿಸಿದ.

ಇಬ್ಬರೂ ಪರಸ್ಥಳದವರೇ, ಇನ್ನೊಬ್ಬರ ಸೂರಿನಡಿ ಇದ್ದವರೇ. ಆದರೆ ಅವರು ಗಂಟು ಕಟ್ಟಿಕೊಂಡು ಹೋದ ರಾತ್ರಿಯೂ ಆ ಮನೆಗಳಲ್ಲಿ ದೀಪ ಉರೀತಿತ್ತು, ಯಾರೋ ಮಲಗಿದ್ದರು. ಇದು ನನಗೆ ಹೊಳೆದಿದ್ದು ಆಮೇಲೆ, ಬುಧವಾರ.

ಅವತ್ತು ಬೆಳಿಗ್ಗೆ ಯಾವ ಕಸದ ಡಬ್ಬಿ ಹೊರಗಿಡಬೇಕು ಅಂತ ತಿಳೀದೆ ರಸ್ತೆಯಲ್ಲಿ ನಿಂತಿದ್ದೆ. ಎದುರು ಮನೆಯ ಅರವತ್ತರ ಹೆಂಗಸು ಬಂದು ತೋರಿಸಿಕೊಟ್ಟಳು. ಮಾತು ಬೆಳೀತು. ಆ ಸಾಲಿನಲ್ಲಿ ಖಾಯಂ ಇರೋರು ಮೂರೇ ಮನೆಯವರಂತೆ. ಮಗಳು ಇದೇ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಮಾಡ್ತಾಳೆ. ಇಲ್ಲಿ ಮನೆ ಸಿಗದೆ ದಿನಾ ಮಿಡ್ಲ್ಸ್‌ಬರೋದಿಂದ ಕಾರಿನಲ್ಲಿ ಓಡಾಡ್ತಾಳೆ. ನಾನು ಸುಮ್ಮನೆ "ಸಾರಿ" ಅಂದೆ. ಅವಳು ನಕ್ಕಳು. "ಅಯ್ಯೋ, ನೀವು ಒಳ್ಳೆಯವರಪ್ಪ. ಹೋದ ವಾರ ಬಂದಿದ್ದವರೂ ಒಳ್ಳೆಯವರೇ. ಪ್ರತಿ ಶನಿವಾರ ಒಳ್ಳೆಯವರೇ ಬರ್ತಾರೆ" ಅಂದಳು. ಆಮೇಲೆ, ನಾವು ಬಿಟ್ಟ ಮೇಲೆ ಆ ಮನೆ ಗುಡಿಸಿ ಒರೆಸಿ ಹಾಸಿಗೆ ಬದಲಿಸುವ ಕೆಲಸ ತನ್ನದೇ ಅಂತಲೂ ಹೇಳಿದಳು.

ಅಂದರೆ ನಾವು ಬಂದರೆ ಅವಳ ಮಗಳಿಗೆ ಮನೆ ಇಲ್ಲ. ಬರದಿದ್ದರೆ ಅವಳಿಗೆ ಸಂಬಳ ಇಲ್ಲ.

ರಾತ್ರಿ ಎಲ್ಲ ಮಲಗಿದ ಮೇಲೆ ಫೋನಿನಲ್ಲಿ ಓದುತ್ತಾ ಕೂತೆ. 2022ರ ಜೂನ್‌ನಲ್ಲಿ ವಿಟ್ಬಿಯಲ್ಲಿ ಒಂದು ಮತದಾನ ನಡೆದಿತ್ತು: ಇನ್ನು ಮುಂದೆ ಕಟ್ಟುವ ಹೊಸ ಮನೆಗಳೆಲ್ಲ ಖಾಯಂ ಇಲ್ಲೇ ಇರುವವರಿಗೆ ಮೀಸಲಾಗಬೇಕೇ ಅಂತ. ವೋಟು ಹಾಕಿದವರಲ್ಲಿ ಶೇಕಡಾ 93 ಜನ ಹೌದು ಅಂದರು. ಸರಕಾರ ಅದನ್ನು ಪಾಲಿಸಲೇಬೇಕು ಅಂತೇನಿರಲಿಲ್ಲ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನವರು 2016ರಲ್ಲೇ ಇಂಥ ನಿಯಮ ತಂದರು, ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ರಜೆಮನೆ ಕೊಳ್ಳೋರು ಊರು ಬಿಡಲಿಲ್ಲ, ನಿಯಮ ತಾಗದ ಹಳೇ ಮನೆಗಳ ಕಡೆ ತಿರುಗಿಕೊಂಡರು ಅಂತಾರೆ ಅರ್ಥಶಾಸ್ತ್ರಜ್ಞರು. ವಿಟ್ಬಿ ಇರುವ ನಾರ್ತ್ ಯಾರ್ಕ್‌ಶೈರ್‌ನಲ್ಲಿ 2025ರ ಏಪ್ರಿಲ್‌ನಿಂದ ಎರಡನೇ ಮನೆ ಇಟ್ಟುಕೊಂಡವರಿಗೆ ಕೌನ್ಸಿಲ್ ತೆರಿಗೆ ಎರಡು ಪಟ್ಟು. ಅದಕ್ಕೂ ಒಂದು ಕಿಂಡಿ ಉಂಟು. ವರ್ಷದಲ್ಲಿ 140 ರಾತ್ರಿ ಬಾಡಿಗೆಗೆ ಲಭ್ಯವಿಟ್ಟು, 70 ರಾತ್ರಿ ನಿಜಕ್ಕೂ ಬಾಡಿಗೆಗೆ ಹೋದರೆ ಆ ಮನೆ ಮನೆಯಲ್ಲ, ವ್ಯಾಪಾರ. ಕೌನ್ಸಿಲ್ ತೆರಿಗೆ ಇಲ್ಲ; ವ್ಯಾಪಾರ ಸಣ್ಣದಾದರೆ ವ್ಯಾಪಾರದ ತೆರಿಗೆಯೂ ಪೂರ್ತಿ ಮಾಫಿ ಆಗಬಹುದು.

ಆ 70 ಅನ್ನೋ ಸಂಖ್ಯೆ ನನ್ನ ನಿದ್ದೆ ಕೆಡಿಸಿತು.

ಯಾಕಂದರೆ ಅಲ್ಲಿವರೆಗೂ ನನ್ನ ಸಮಾಧಾನ ಇಷ್ಟೇ ಆಗಿತ್ತು: ಇಷ್ಟು ದೊಡ್ಡ ಸಮಸ್ಯೆಯಲ್ಲಿ ನನ್ನದೊಂದು ವಾರ ಯಾವ ಲೆಕ್ಕ? ಡೆರೆಕ್ ಪಾರ್ಫಿಟ್ ಅನ್ನೋ ತತ್ವಜ್ಞಾನಿ 1984ರ ತನ್ನ ಪುಸ್ತಕದಲ್ಲಿ ಇದನ್ನು ಕಟುವಾದ ಉದಾಹರಣೆಯಿಂದ ಕೆಣಕುತ್ತಾನೆ. ಸಾವಿರ ಜನ ಸೇರಿ ಸಾವಿರ ಜನರನ್ನು ಹಿಂಸಿಸುತ್ತಾರೆ, ಆದರೆ ಒಬ್ಬೊಬ್ಬ ಒತ್ತುವ ಗುಂಡಿಯಿಂದ ಯಾರಿಗೂ ಗೊತ್ತಾಗುವಷ್ಟು ನೋವು ಹೆಚ್ಚೋದಿಲ್ಲ. ಹಾಗಾದರೆ ಯಾರೂ ತಪ್ಪು ಮಾಡಿಲ್ಲವೇ? ಓದುವಾಗ, ಸಾವಿರ ಜನ ಅಂದರೆ ಬಹಳ ಆಯ್ತು, ಇದೆಲ್ಲ ಪುಸ್ತಕದ ಕಥೆ ಅನ್ನಿಸಿತ್ತು. ಇಲ್ಲಿ ಸಾವಿರ ಬೇಕಿಲ್ಲ. ನಮ್ಮದು ಏಳು ರಾತ್ರಿ. ನಮ್ಮಂಥ ಹತ್ತು ಗುಂಪು ಬಂದರೆ 70 ಭರ್ತಿ, ಒಂದು ಮನೆ ಊರಿನ ಲೆಕ್ಕದಿಂದ ಹೊರಗೆ. ಆ ಹತ್ತರಲ್ಲಿ ಒಂದು ನಾವು. ಕಾಣದಷ್ಟು ಸಣ್ಣ ಪಾಲೇನಲ್ಲ ಅದು.

ನಾವು ಬಿಟ್ಟಿದ್ದರೆ ಇನ್ನೊಬ್ಬರು ಹಿಡೀತಿದ್ದರು, ನಿಜ. ಒಂದು ಸರ್ವರ್ ಬಿದ್ದರೆ ಇನ್ನೊಂದು ಎದ್ದು ನಿಲ್ಲುತ್ತೆ, ನಮ್ಮ ಕೆಲಸದಲ್ಲಿ ದಿನಾ ನೋಡೋದೇ. ಆದರೆ ಆ ಹೊತ್ತಿನಲ್ಲಿ ಓಡುತ್ತಿದ್ದದ್ದು ಯಾವ ಸರ್ವರೋ, ಲಾಗ್‌ನಲ್ಲಿ ಅದರ ಹೆಸರೇ ಇರುತ್ತೆ. ಇನ್ನೊಬ್ಬನೂ ಮಾಡುತ್ತಿದ್ದ ಅನ್ನೋದರಿಂದ ಮಾಡಿದವನು ನಾನಲ್ಲ ಅಂತ ಆಗಲ್ಲ.

ಇಷ್ಟೆಲ್ಲ ಯೋಚಿಸಿ ಗುರುವಾರ ಬೆಳಿಗ್ಗೆ ಏನು ಮಾಡಿದೆ? ಬಿಸಿಬೇಳೆ ಬಾತ್. ದುಡ್ಡು ಕೊಟ್ಟಾಗಿತ್ತು, ಶನಿವಾರದವರೆಗೂ ಇದ್ದೆವು, ಚೆನ್ನಾಗಿಯೇ ಇದ್ದೆವು.

ಆದರೆ ಈ ಪ್ರಶ್ನೆ ನನ್ನ ಜೊತೆಗೇ ವಿಮಾನ ಹತ್ತಿತು. ಯಾಕಂದರೆ ಆ ಡಬ್ಬಿಯ ಆಚೆ ಬದಿಯಲ್ಲಿ ನಾನೂ ಇದ್ದೇನೆ. ನಮ್ಮೂರು ಗೋಕರ್ಣದಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ. ಅಪ್ಪ 2006ರಲ್ಲಿ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದರು. ಈಗ ಅಪ್ಪ ಇಲ್ಲ, ಆಯಿ ನಮ್ಮ ಜೊತೆ ಬೆಂಗಳೂರಿನಲ್ಲಿ, ಅಣ್ಣ ಹುಬ್ಬಳ್ಳಿಯಲ್ಲಿ. ಮನೆಯಲ್ಲಿ ಶಾಲೆಯ ಅಕ್ಕೋರು ಇದ್ದಾರೆ, ಗಂಡ, ಇಬ್ಬರು ಮಕ್ಕಳ ಜೊತೆ. ಬಾಡಿಗೆ ತಿಂಗಳಿಗೆ ನಾಲ್ಕು ಸಾವಿರ. ಎರಡು ರೂಮಿಗೆ ಎಸಿ ಹಾಕಿಸಿ ಹೋಮ್‌ಸ್ಟೇ ಮಾಡಿದರೆ ಡಿಸೆಂಬರ್‌ನಲ್ಲಿ ರಾತ್ರಿಗೇ ನಾಲ್ಕು ಸಾವಿರ ಅಂತ ಯಾರೋ ಅಣ್ಣನ ತಲೆಗೆ ತುಂಬಿದ್ದಾರೆ. ಸುಳ್ಳೇನಲ್ಲ. ಸುತ್ತಮುತ್ತ ಅಂಥ ಮನೆ ಎಷ್ಟೋ ಆಗಿವೆ.

"ಅಕ್ಕೋರು ಎಲ್ಲಿಗೆ ಹೋಗ್ತಾರೆ?" ಅಂದೆ.

"ಕುಮಟೆಯಲ್ಲಿ ಮನೆ ಸಿಗ್ತದೆ. ಬಸ್ಸಿನಲ್ಲಿ ಬರ್ತಾರೆ."

ಎದುರು ಮನೆಯ ಹೆಂಗಸಿನ ಮಗಳು ನೆನಪಾದಳು. ಅದನ್ನು ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ.

"ತಮ್ಮಾ, ನೀ ಹೋಗಿ ಉಳ್ಕೊಂಡು ಬಂದೆ. ಈಗ ನನಗೆ ಬೇಡ ಅಂತಿದ್ದೀಯ."

ಇದಕ್ಕೆ ನನ್ನ ಹತ್ತಿರ ಜವಾಬು ಇರಲಿಲ್ಲ, ಈಗಲೂ ಇಲ್ಲ. ಅವನದು ಗೊಬ್ಬರದ ಅಂಗಡಿ, ಮಗಳಿಗೆ ಕಾಲೇಜು ಫೀಸು ಕಟ್ಟಬೇಕು. ನನ್ನ ಸಂಬಳಕ್ಕೆ ಆ ಬಾಡಿಗೆ ಬಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ನನ್ನ ಧರ್ಮಸೂಕ್ಷ್ಮದ ಖರ್ಚನ್ನು ಅವನ ಜೇಬಿನಿಂದ ಕೊಡಿಸೋದು ಯಾವ ನ್ಯಾಯ? ಮಗಳ ಫೀಸಿನಲ್ಲಿ ಅರ್ಧ ನಾನು ಕಟ್ತೀನಿ ಅಂದೆ. ಅವನಿಗೆ ಸಿಟ್ಟು ಬಂತು, ಭಿಕ್ಷೆ ಕೇಳಿದ್ದಲ್ಲ ಅಂದ. ಎರಡು ವಾರ ಫೋನು ಇಲ್ಲ. ಕೊನೆಗೆ ಆಯಿ ನಡುವೆ ಬಂದು, ಅಕ್ಕೋರ ದೊಡ್ಡ ಮಗನ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಯಾರೂ ಮಾತೆತ್ತಬೇಡಿ ಅಂದಳು.

ಹುಡುಗ ಈಗ ಒಂಬತ್ತನೇ ಕ್ಲಾಸು. ಹೋದ ತಿಂಗಳು ಅಕ್ಕೋರು ಫೋನ್ ಮಾಡಿದ್ದರು, ಹಿತ್ತಿಲಲ್ಲಿ ಎರಡು ತೆಂಗಿನ ಸಸಿ ನೆಡಲಾ ಅಂತ ಕೇಳೋಕೆ. ನೆಡಿ ಅಂದೆ. ಅಣ್ಣನಿಗೆ ಇನ್ನೂ ಹೇಳಿಲ್ಲ.