ಎಮ್ಮಾವು ದಾರಿಯ ಜೊತೆಗಾರ



ಈ ಬೆಟ್ಟ ಹತ್ತಿ ಬಂದ ನಿಮ್ಮಲ್ಲಿ ಹರಕೆ ತೀರಿಸುವವರಿದ್ದೀರಿ, ಉಪಕಾರ ಸ್ಮರಿಸುವವರಿದ್ದೀರಿ. ಮನೆಯವರೊಬ್ಬರನ್ನು ಮಣ್ಣಿಗಿಟ್ಟು, ಇನ್ನೂ ಕಣ್ಣೀರು ಆರದೆ ಬಂದವರೂ ಇದ್ದೀರಿ. ಈ ಮಾತು ಮುಖ್ಯವಾಗಿ ನಿಮಗೆ.

ಸಂತ ಲೂಕನ ಶುಭಸಂದೇಶದ 24ನೇ ಅಧ್ಯಾಯ ನೋಡಿ. ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ನಡೆದು ಹೋಗುತ್ತಿದ್ದಾರೆ. ಸುಮಾರು 11 ಕಿಲೋಮೀಟರ್ ದಾರಿ. ಯೇಸು ಶಿಲುಬೆಯಲ್ಲಿ ಪ್ರಾಣಬಿಟ್ಟು ಮೂರನೆಯ ದಿನ. ಸಮಾಧಿ ಬರಿದಾಗಿದೆ ಅಂತ ಹೆಂಗಸರು ಬೆಳಿಗ್ಗೆಯೇ ಹೇಳಿದ್ದರು. ಆದರೂ ಇವರ ಮನಸ್ಸು ನಂಬಲಿಲ್ಲ. ದುಃಖದಲ್ಲಿರುವವನಿಗೆ ಒಳ್ಳೆಯ ಸುದ್ದಿಯೂ ಕಿವಿಗೆ ಬೀಳೋದಿಲ್ಲ, ಅಲ್ಲವೇ?

ಆಗ ಅಪರಿಚಿತನಂತೆ ಯೇಸುವೇ ಬಂದು ಜೊತೆಗೂಡಿದರು. 'ಅಳಬೇಡಿ' ಅನ್ನಲಿಲ್ಲ. ಏನು ಮಾತಾಡುತ್ತಿದ್ದೀರಿ ಅಂತ ಕೇಳಿದರು. ಎಲ್ಲವೂ ಗೊತ್ತಿದ್ದವರು ಏನೂ ಗೊತ್ತಿಲ್ಲದವರಂತೆ ಕೇಳಿದರು! ಅವರು ಇಟ್ಟುಕೊಂಡಿದ್ದ ಆಸೆ, ಅದು ಮುರಿದ ನೋವು, ಎಲ್ಲವನ್ನೂ ಹೇಳಿಕೊಳ್ಳಲು ಬಿಟ್ಟರು. ಆಮೇಲೆಯೇ ಅವರ ಮಂದಬುದ್ಧಿಯನ್ನು ಗದರಿಸಿ, ಪವಿತ್ರಗ್ರಂಥವನ್ನು ವಿವರಿಸಿದ್ದು.

ಸಂಜೆಯಾಯಿತು. ಅವರು ಬಲವಂತ ಮಾಡಿ ಯೇಸುವನ್ನು ಉಳಿಸಿಕೊಂಡರು. ಊಟಕ್ಕೆ ಕುಳಿತಾಗ ಯೇಸು ರೊಟ್ಟಿ ತೆಗೆದುಕೊಂಡು, ಸ್ತುತಿಸಿ, ಮುರಿದು ಕೊಟ್ಟರು. ಆ ಕ್ಷಣ ಅವರ ಕಣ್ಣು ತೆರೆಯಿತು. ಪ್ರತಿ ಬಲಿಪೂಜೆಯಲ್ಲಿ ನಮಗೆ ಸಿಗುವುದೂ ಅದೇ ರೊಟ್ಟಿ.

ಆದರೆ ಒಂದು ಮಾತು ಮರೆಯಬೇಡಿ. ಪುನರುತ್ಥಾನವು ಶುಕ್ರವಾರವನ್ನು ಅಳಿಸಿಹಾಕಲಿಲ್ಲ. ಅದೇ ರಾತ್ರಿ ಯೇಸು ಶಿಷ್ಯರಿಗೆ ತಮ್ಮ ಕೈಕಾಲುಗಳನ್ನೇ ತೋರಿಸಿದರು. ಎದ್ದುಬಂದ ದೇಹದಲ್ಲೂ ಗಾಯದ ಗುರುತು ಉಳಿದಿತ್ತು. ಹಾಗಾದರೆ ನಿಮ್ಮ ಗಾಯ ಇನ್ನೂ ನೋಯುತ್ತಿದ್ದರೆ ಅದು ವಿಶ್ವಾಸದ ಕೊರತೆಯಲ್ಲ. ಕ್ರೈಸ್ತ ಸಂತೋಷವೆಂದರೆ ಗಾಯವೇ ಇಲ್ಲದ ಸಂತೋಷವಲ್ಲ. ಸಾವಿಗೆ ಕೊನೆಯ ಮಾತಿಲ್ಲ ಎಂಬ ಭರವಸೆ.

ನೀವು ಬೆಟ್ಟ ಇಳಿದು ಹೋದಾಗ ಮನೆಯಲ್ಲಿ ಆ ಮಂಚ ಖಾಲಿಯೇ ಇರುತ್ತದೆ. ಸಾಲವಿದ್ದರೆ ಸಾಲವೂ ಇರುತ್ತದೆ. ಆ ಇಬ್ಬರೂ ಮಾಡಿದ್ದೇನು? ಕತ್ತಲಾಗಿದ್ದರೂ ಅದೇ ಗಳಿಗೆಯಲ್ಲಿ ಎದ್ದು, ಬಿಟ್ಟುಬಂದ ಊರಿಗೇ ಮರಳಿದರು. ದಾರಿ ಅದೇ, ಊರೂ ಅದೇ. ಹೃದಯ ಮಾತ್ರ ಬೇರೆ. ನೀವೂ ಹಾಗೆಯೇ ಹೋಗಿ. ನಿಮ್ಮ ಬೀದಿಯಲ್ಲಿ ಅಳುವವರಿದ್ದರೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಉಪದೇಶ ಆಮೇಲಿರಲಿ, ಮೊದಲು ಅವರ ಮಾತು ಕೇಳಿ.

ಪ್ರಾರ್ಥಿಸೋಣ: ಪ್ರಭುವೇ, ಹೊತ್ತು ಮುಳುಗುತ್ತಿದೆ. ನಮ್ಮ ಮನೆಗೂ ಬನ್ನಿ, ನಮ್ಮೊಡನೆ ತಂಗಿರಿ. ನಮ್ಮನ್ನು ಅಗಲಿದವರನ್ನು ನಿಮ್ಮ ಬೆಳಕಿನಲ್ಲಿ ಸೇರಿಸಿಕೊಳ್ಳಿ. ಆಮೆನ್.