ಗಿರಾಕಿಯ ಒರಟು ಮಾತು, ವಿಶ್ವಾಸಿಯ ತಕ್ಕಡಿ



ನಮಾಝನ್ನು ನಾವು ಮಸೀದಿಯಲ್ಲಿ ನಿರ್ವಹಿಸುತ್ತೇವೆ. ಆದರೆ ಅದು ನಮ್ಮನ್ನು ಎಷ್ಟು ತಿದ್ದಿದೆ ಎಂಬುದು ತಿಳಿಯುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ. ಅತ್ತರಿನ ಪುಟ್ಟ ಅಂಗಡಿ ಇಟ್ಟುಕೊಂಡಿರುವ ಸಹೋದರರಿಗೆ ಇದು ಚೆನ್ನಾಗಿ ಗೊತ್ತು. ಈದ್ ಹತ್ತಿರವಾದಂತೆ ಗಿರಾಕಿಗಳು ಹೆಚ್ಚುತ್ತಾರೆ. ಒಬ್ಬನು ಬಂದು ಹತ್ತು ಶೀಶೆಗಳನ್ನು ತೆರೆಸುತ್ತಾನೆ, ಎರಡೂ ಮುಂಗೈಗೆ ಹಚ್ಚಿಸಿಕೊಳ್ಳುತ್ತಾನೆ, ಕೊನೆಗೆ ಅರ್ಧ ಬೆಲೆಗೆ ಕೇಳುತ್ತಾನೆ. ಆಗದೆಂದರೆ, "ಇಷ್ಟು ಎಣ್ಣೆಗೆ ಇಷ್ಟೊಂದು ದುಡ್ಡೇ? ನೀವೆಲ್ಲ ಮೋಸಗಾರರು" ಎಂದುಬಿಡುತ್ತಾನೆ. ಉಪವಾಸದ ದಣಿವಿನಲ್ಲಿರುವ ಅಂಗಡಿಯವನ ರಕ್ತ ಕುದಿಯುತ್ತದೆ. ಆ ಗಳಿಗೆಯಲ್ಲಿ ಅವನು ಏನು ಮಾಡಬೇಕು?

ಮೊದಲು ತಿಳಿಯಬೇಕಾದುದು, ಚೌಕಾಸಿ ಮಾಡುವುದು ಪಾಪವಲ್ಲ. ಪ್ರವಾದಿವರ್ಯರೇ(ಸ) ಸುವೈದ್ ಬಿನ್ ಕೈಸ್(ರ)ರಲ್ಲಿ ಒಂದು ಷರಾಯಿಗೆ ಬೆಲೆ ಮಾತಾಡಿದ್ದಾರೆ. ಹಣ ತೂಗುವವನಿಗೆ, ಕೊಡುವ ತೂಕ ತುಸು ಹೆಚ್ಚೇ ಇರಲಿ ಎಂದು ಹೇಳಿದರೆಂದು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಪ್ರಯಾಣದಲ್ಲಿ ಜಾಬಿರ್(ರ)ರ ಒಂಟೆಗೂ ಬೆಲೆ ಕೇಳಿ ಕೊಂಡರು. ಮದೀನಾ ತಲುಪಿದ ಮೇಲೆ ಹಣವನ್ನೂ ಕೊಟ್ಟು ಒಂಟೆಯನ್ನೂ ಅವರಿಗೇ ಬಿಟ್ಟುಕೊಟ್ಟರು. ಆದ್ದರಿಂದ ಕಡಿಮೆ ಬೆಲೆಗೆ ಕೇಳಿದ ಮಾತ್ರಕ್ಕೆ ಗಿರಾಕಿಯನ್ನು ವೈರಿಯೆಂದು ಬಗೆಯಬೇಡಿ. ಅವನ ಕಿಸೆಯಲ್ಲಿ ಮಕ್ಕಳ ಹಬ್ಬದ ಬಟ್ಟೆಗೆ ಉಳಿಸಿದ ಹಣವಷ್ಟೇ ಇರಬಹುದು.

ಅವನಿಗೆ ಸರಕಿನ ತಿಳಿವಳಿಕೆಯೂ ಇಲ್ಲದಿರಬಹುದು. ಒಂದು ಕಿಲೋ ಅಪ್ಪಟ ಗುಲಾಬಿ ತೈಲಕ್ಕೆ ಸುಮಾರು 3,000ದಿಂದ 5,000 ಕಿಲೋ ಹೂವಿನ ಎಸಳು ಬೇಕು. ಕನೌಜಿನ ಕುಶಲಿಗಳು ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಅದರ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಗಂಧದೆಣ್ಣೆಯ ಮೇಲೆ ಇಳಿಸುತ್ತಾರೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಪ್ಯಾರಾಫಿನ್ ಎಣ್ಣೆ ಬೆರೆಸಿದ ಅಗ್ಗದ ಅತ್ತರುಗಳೂ ಬಂದಿವೆ. ಇದನ್ನು ನಾಲ್ಕು ಮಾತಿನಲ್ಲಿ ವಿವರಿಸಿ. ಎರಡೂ ಶೀಶೆಗಳನ್ನು ಮುಂದಿಟ್ಟು, ಇದು ಇಂಥದು, ಅದು ಅಂಥದು ಎಂದು ಹೇಳಿ. ಅನೇಕರ ಒರಟುತನ ಅಲ್ಲಿಗೇ ಇಳಿಯುತ್ತದೆ.

ಇಳಿಯದಿದ್ದರೆ? ಬುಖಾರಿಯಲ್ಲಿ ವರದಿಯಾದ ಒಂದು ಘಟನೆಯನ್ನು ನೆನೆಯಿರಿ. ಪ್ರವಾದಿವರ್ಯರು(ಸ) ಒಬ್ಬನಿಗೆ ಒಂದು ಒಂಟೆಯನ್ನು ಕೊಡಬೇಕಾಗಿತ್ತು. ಅವನು ಬಂದು ಕಟುವಾಗಿ ಮಾತಾಡಿದ. ಸಹಾಬಿಗಳು ಅವನ ಮೇಲೇರಿ ಹೋಗಲು ಸಿದ್ಧರಾದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಹಕ್ಕುಳ್ಳವನಿಗೆ ಮಾತಾಡುವ ಅಧಿಕಾರವಿದೆ ಎಂದು ತಿಳಿಸಿದರು; ಅವನ ಒಂಟೆಗಿಂತ ಉತ್ತಮವಾದುದನ್ನೇ ಕೊಡಿಸಿದರು. ಸಮಾಜದ ನಾಯಕರಾಗಿದ್ದವರು ಅಷ್ಟು ಸಹಿಸಿದರೆ, ನಾಲ್ಕು ಮೊಳದ ಅಂಗಡಿಯ ಯಜಮಾನನಿಗೆ ಅಹಂಕಾರವೇಕೆ? ಕರುಣಾಮಯನ ದಾಸರು ಅವಿವೇಕಿಗಳ ಮಾತಿಗೆ ಶಾಂತಿಯಿಂದಲೇ ಉತ್ತರಿಸುತ್ತಾರೆಂದು ಅಲ್ ಫುರ್ಕಾನ್ ಅಧ್ಯಾಯ ಕಲಿಸುತ್ತದೆ. ಗಿರಾಕಿ ಯಾವ ಧರ್ಮದವನಾಗಿದ್ದರೂ ಈ ಸೌಜನ್ಯ ಒಂದೇ ಆಗಿರಬೇಕು.

ಸಹನೆಯೆಂದರೆ ಕೇಳಿದ ಬೆಲೆಗೆ ಕೊಟ್ಟು ಸೋಲುವುದಲ್ಲ. ವ್ಯಾಪಾರ ಪರಸ್ಪರ ಒಪ್ಪಿಗೆಯಿಂದ ಆಗಬೇಕೆಂಬುದು ಅನ್ನಿಸಾ ಅಧ್ಯಾಯದ ಆದೇಶ. ಒಪ್ಪಿಗೆ ಎರಡೂ ಕಡೆಯಿಂದ ಬೇಕು. "ಭಾಯಿ, ಈ ಬೆಲೆಗೆ ನನಗೆ ಆಗುವುದಿಲ್ಲ, ಇನ್ನೊಮ್ಮೆ ಬನ್ನಿ" ಎಂದು ಹೇಳುವ ಹಕ್ಕು ನಿಮಗಿದೆ. ಹೇಳುವ ಧ್ವನಿಯಲ್ಲಿ ತಿರಸ್ಕಾರ ಇರಬಾರದು, ಅಷ್ಟೆ.

ಇಲ್ಲಿ ಎರಡು ಹಳ್ಳಗಳಿವೆ, ಎಚ್ಚರಿಕೆ! ಒಂದು, ಸಿಟ್ಟಿನಿಂದ ಹುಟ್ಟುವ ಮೋಸ. 'ಇವನಿಗೆ ಬುದ್ಧಿ ಕಲಿಸುತ್ತೇನೆ' ಎಂದು, ಬೆರಕೆಯ ಅತ್ತರನ್ನೇ ಅಪ್ಪಟವೆಂದು ಹೇಳಿ ಅವನು ಕೇಳಿದ ಬೆಲೆಗೆ ಕೊಟ್ಟುಬಿಡುವುದು. ಅವನ ಒರಟುತನದ ಲೆಕ್ಕ ಅವನದು. ಆ ಶೀಶೆಯ ಲೆಕ್ಕ ನಿಮ್ಮದು. ಅವನು ನಿಮ್ಮನ್ನು ಮೋಸಗಾರನೆಂದು ಕರೆದಾಗ ಅದು ಸುಳ್ಳಾಗಿತ್ತು; ಅದನ್ನು ನಿಜ ಮಾಡುವವರು ನೀವಾಗಬೇಡಿ. ಇನ್ನೊಂದು, ಆಣೆ. "ಅಲ್ಲಾಹನಾಣೆ, ಅಸಲೂ ಹುಟ್ಟುವುದಿಲ್ಲ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆಣೆಯಿಂದ ಸರಕು ಮಾರಾಟವಾದರೂ ಬರಕತ್ ಅಳಿದುಹೋಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಚೌಕಾಸಿಯ ಗದ್ದಲದಲ್ಲಿ ನಾವು ಮರೆಯುವ ಇನ್ನೊಬ್ಬನಿದ್ದಾನೆ: ಮೂಲೆಯಲ್ಲಿ ನಿಂತು, ಹೇಳಿದಷ್ಟು ಕೊಟ್ಟು ಹೋಗುವ ಸಂಭಾವಿತ. ಜಗಳಗಂಟನಿಗೆ ಇಳಿಸಿದ ಬೆಲೆಯನ್ನು ಇವನ ಮೇಲೆ ಹೇರುವುದು ನ್ಯಾಯವೇ? ಬಸ್ರಾದ ವರ್ತಕ ಯೂನುಸ್ ಬಿನ್ ಉಬೈದ್‌ರ ಕಥೆಯನ್ನು ಇಮಾಮ್ ಗಝ್ಝಾಲಿಯವರು ಇಹ್ಯಾದಲ್ಲಿ ದಾಖಲಿಸಿದ್ದಾರೆ. ಅವರು ನಮಾಝಿಗೆ ಹೋಗಿದ್ದಾಗ ಸೋದರನ ಮಗ 200 ದಿರ್ಹಮಿನ ಉಡುಪನ್ನು ಒಬ್ಬ ಗ್ರಾಮೀಣ ಅರಬನಿಗೆ 400ಕ್ಕೆ ಮಾರಿದ್ದ. ದಾರಿಯಲ್ಲಿ ಅವನನ್ನು ಕಂಡ ಯೂನುಸರು, ತಾನು ಒಪ್ಪಿಯೇ ಕೊಂಡೆನೆಂದು ಅವನು ಹೇಳಿದರೂ ಕೇಳದೆ, ಅಂಗಡಿಗೆ ಕರೆತಂದು 200 ದಿರ್ಹಮ್ ಮರಳಿಸಿದರು. ಬೆಲೆ ತಿಳಿಯದವನ ನಂಬಿಕೆಯೂ ಒಂದು ಅಮಾನತ್ತು. ಎಲ್ಲರಿಗೂ ಒಂದೇ ನ್ಯಾಯದ ಬೆಲೆ ಇಟ್ಟು ನೋಡಿ, ಚೌಕಾಸಿಯ ಜಗಳವೂ ದಿನಕಳೆದಂತೆ ತಗ್ಗುತ್ತದೆ.

ಕೊಳ್ಳುವ ಸಹೋದರ ಸಹೋದರಿಯರಿಗೂ ಒಂದು ಮಾತು. ಬೆಲೆ ಕೇಳಿ, ಆದರೆ ಮಾನ ಕಳೆಯಬೇಡಿ. ಮಾರುವಾಗಲೂ ಕೊಳ್ಳುವಾಗಲೂ ಬಾಕಿ ಕೇಳುವಾಗಲೂ ಮೃದುವಾಗಿರುವವನಿಗಾಗಿ ಪ್ರವಾದಿವರ್ಯರು(ಸ) ಅಲ್ಲಾಹನ ಕರುಣೆಯನ್ನು ಪ್ರಾರ್ಥಿಸಿದ್ದಾರೆ. ಆ ಪ್ರಾರ್ಥನೆಯಲ್ಲಿ ನಮಗೂ ಪಾಲು ಬೇಡವೇ?

ಸಜ್ಜನರ ಸಹವಾಸವನ್ನು ಪ್ರವಾದಿವರ್ಯರು(ಸ) ಕಸ್ತೂರಿ ಮಾರುವವನಿಗೆ ಹೋಲಿಸಿದ್ದಾರೆ. ಅವನು ನಿಮಗೆ ಒಂದಿಷ್ಟು ಕೊಟ್ಟಾನು, ಇಲ್ಲವೆ ನೀವು ಕೊಂಡೀರಿ, ಏನೂ ಇಲ್ಲದಿದ್ದರೂ ಪರಿಮಳವಂತೂ ಸಿಕ್ಕೀತು. ಅಂಗಡಿಯಿಟ್ಟ ಸಹೋದರರೇ, ಏನನ್ನೂ ಕೊಳ್ಳದೆ ಗೊಣಗುತ್ತಾ ಮೆಟ್ಟಿಲಿಳಿಯುವವನೂ ನಿಮ್ಮಿಂದ ಪರಿಮಳವನ್ನೇ ಒಯ್ಯಲಿ. ಅಲ್ಲಾಹನು ನಮ್ಮ ದುಡಿಮೆಯನ್ನು ಹಲಾಲ್ ಆಗಿಯೂ ನಾಲಿಗೆಯನ್ನು ಮೃದುವಾಗಿಯೂ ಇಡಲಿ. ಆಮೀನ್.